ಕಣ್ಣಿನಿಂದ ಕೇಳಿದ ನಟ ಬಾಲಕೃಷ್ಣ

ಸಂಸ್ಕೃತದಲ್ಲಿ ಹಾವಿಗೆ ‘ಚಕ್ಷುಃಶ್ರವ’ ಎಂದೊಂದು ಹೆಸರುಂಟು. ಕಿವಿ ಕಾಣದ ಆ ಪ್ರಾಣಿಯು ಕಣ್ಣಿನಿಂದಲೇ ಕೇಳುವುದೆಂದು ಪೂರ್ವಿಕರು ಭಾವಿಸಿದ್ದರು. ಅಮರಕೋಶವನ್ನು ಹೇಳಿಕೊಡುವಾಗ ಈ ಶಬ್ದವು ಬಂದೊಡನೆ ಹುಡುಗರು ನಗುತ್ತಿದ್ದರು, ನಾನೂ ನಗುತ್ತಿದ್ದೆನು. ಈ ಹೆಸರಿಗೆ ಅರ್ಹರಾದ ಮನುಷ್ಯರೊಬ್ಬರು ನಮ್ಮ ಕನ್ನಡದ ರಂಗದಲ್ಲಿಯೂ ಚಲಚ್ಚಿತ್ರದಲ್ಲಿಯೂ ಅರ್ಧ ಶತಮಾನಕ್ಕೆ ಮಿಕ್ಕಿ ಬಾಳಿದರೆಂಬುದು ನನಗೆ ತಿಳಿದುದು ಬಹಳ ತಡವಾಗಿ. ಅವರೇ ಟಿ. ಎನ್. ಬಾಲಕೃಷ್ಣ, ನಾಡಿನವರ ಬಾಯಲ್ಲಿ ‘ಬಾಲಣ್ಣ’.

ಕಳೆದ ಶತಮಾನದ ಎರಡನೆಯ ದಶಕದ ಆರಂಭದಲ್ಲಿ ಅರಸೀಕೆರೆಯಲ್ಲಿ ಅವರು ಹುಟ್ಟಿದರು. ಬಡತನದ ಬಾಲ್ಯ. ಚಿಕ್ಕಂದಿನಲ್ಲಿಯೇ ಶ್ರವಣಶಕ್ತಿಯು ಕುಂದಿತು. ಇಂತಹ ಹುಡುಗನು ಚಿತ್ರ ಬರೆಯುವ ಕೆಲಸವನ್ನೋ ಅಂಗಡಿಯ ಲೆಕ್ಕವನ್ನೋ ಹಿಡಿದಿದ್ದರೆ ಯಾರಿಗೂ ಆಶ್ಚರ್ಯವಾಗುತ್ತಿರಲಿಲ್ಲ. ಅವರು ಹಿಡಿದುದು ನಾಟಕದ ಕಂಪನಿಯನ್ನು.

ಇದು ಎಂತಹ ಸಾಹಸವೆಂಬುದನ್ನು ಸ್ವಲ್ಪ ವಿವರಿಸಬೇಕು. ಭರತಮುನಿಯು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕಗಳೆಂದು ಅಭಿನಯವನ್ನು ನಾಲ್ಕಾಗಿ ವಿಂಗಡಿಸಿ, ಅವುಗಳಲ್ಲಿ ವಾಕ್ಕನ್ನು ನಾಟ್ಯದ ಶರೀರವೆಂದೇ ಕರೆದಿರುವನು. ದೂರದಲ್ಲಿರುವವನನ್ನು ಕರೆಯುವಾಗ ಧ್ವನಿಯು ಶಿರಸ್ಸಿನಿಂದ ಹೊರಡಬೇಕು; ಅಷ್ಟೇನೂ ದೂರವಿಲ್ಲದವನಿಗೆ ಕಂಠದಿಂದ; ಮಗ್ಗುಲಲ್ಲಿರುವವನಿಗೆ ಎದೆಯಿಂದ. ಪ್ರಶ್ನೆ, ಪರಿಹಾಸ, ಕೋಪ ಇವುಗಳಿಗೆ ತಕ್ಕಂತೆ ಸ್ವರವು ಏರಿಳಿಯಬೇಕು. ಇದಕ್ಕೆ ‘ಕಾಕು’ವೆಂದು ಹೆಸರು. ತನ್ನ ಸ್ವರವು ತನಗೇ ಚೆನ್ನಾಗಿ ಕೇಳಿಸದವನು ಕಾಕುವನ್ನು ಸಾಧಿಸುವುದು ಹೇಗೆ? ಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ. ಇಂತಹ ನಟನನ್ನು ಮುನಿಯು ಕಲ್ಪಿಸಿಕೊಂಡಿರಲಾರನು.

ಮೇಲಾಗಿ ಅಂದಿನ ಕಂಪನಿ ನಾಟಕಗಳಲ್ಲಿ ಧ್ವನಿವರ್ಧಕಗಳು ವಿರಳ. ಕಟ್ಟಕಡೆಯ ಸಾಲಿನ ಕಾಲಾಣೆಯ ಪ್ರೇಕ್ಷಕನಿಗೂ ಮಾತು ಮುಟ್ಟಬೇಕು. ಹಾರ್ಮೋನಿಯಮ್ಮಿನ ಶ್ರುತಿಗೆ ಕಂದವನ್ನು ಹಾಡಬೇಕು. ಮಾತು ಮರೆತರೆ ಪರದೆಯ ಮರೆಯಿಂದ ಒಬ್ಬನು ಮೆಲ್ಲನೆ ಹೇಳಿಕೊಡುವನು. ಆ ಪಿಸುಮಾತೇ ಎಷ್ಟೋ ನಟರ ಊರುಗೋಲು. ಬಾಲಕೃಷ್ಣರಿಗೆ ಈ ಊರುಗೋಲು ದಕ್ಕುವಂತಿರಲಿಲ್ಲ. ಆದುದರಿಂದ ತಮ್ಮ ಮಾತಿನೊಡನೆ ಎದುರಿನವರ ಮಾತನ್ನೂ ಕಂಠಪಾಠ ಮಾಡಿ, ಅವರ ತುಟಿಗಳ ಚಲನೆಯನ್ನು ನೋಡಿ, ಎಲ್ಲಿ ಅವರು ನಿಲ್ಲಿಸುವರೋ ಅಲ್ಲಿ ತಾವು ಎತ್ತಿಕೊಳ್ಳುವ ಪದ್ಧತಿಯೇ ಅವರಿಗೆ ಗತಿಯಾಯಿತು. ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಅವರಿಗೆ ಒಡನಾಡಿಯಾದವರು ಜಿ. ವಿ. ಅಯ್ಯರ್. (ಇದೇ ಅಯ್ಯರರು 1983ನೆಯ ಇಸವಿಯಲ್ಲಿ ‘ಆದಿಶಂಕರಾಚಾರ್ಯ’ವನ್ನು ಸಂಸ್ಕೃತದಲ್ಲಿಯೇ ತೆಗೆದು ನನ್ನಂತಹ ಸಂಸ್ಕೃತದ ಮೇಷ್ಟರುಗಳಿಗೆ ಮಹದುಪಕಾರ ಮಾಡಿದರು.) ಇಬ್ಬರೂ 1943ರ ‘ರಾಧಾರಮಣ’ದಲ್ಲಿ ಚಿತ್ರರಂಗಕ್ಕೆ ಕಾಲಿಟ್ಟರು. ಅಂದಿಗೆ ಕನ್ನಡದ ಮೊದಲ ವಾಕ್ಚಿತ್ರ ‘ಸತೀ ಸುಲೋಚನಾ’ ತೆರೆಕಂಡು ಕೇವಲ ಒಂಬತ್ತು ವರುಷ.

ಅಲ್ಲಿಂದ ಮುಂದೆ ಐನೂರಕ್ಕೂ ಮೀರಿದ ಚಿತ್ರಗಳು. ಅವೆಲ್ಲವನ್ನು ಎಣಿಸುವುದರಲ್ಲಿ ನನಗೆ ಆಸಕ್ತಿಯಿಲ್ಲ. ಎಷ್ಟೋ ಪಾತ್ರಗಳು ಹೊಟ್ಟೆಯ ಪಾಡಿಗಾಗಿ ಮಾಡಿದವೆಂಬುದು ನೋಡಿದರೇ ತಿಳಿಯುವುದು. ಆದರೆ ಅವರ ಮಾತಿನ ರೀತಿಯನ್ನು ಮಾತ್ರ ಗಮನಿಸಬೇಕು. ನರಸಿಂಹರಾಜುರವರು ಪಟಪಟನೆ ನುಡಿದು ನಗಿಸಿದರೆ, ಬಾಲಕೃಷ್ಣರು ಎಳೆದು, ತಡೆದು, ಕಣ್ಣನ್ನು ಕಿರಿದಾಗಿಸಿ, ಬಳಿಕ ಪದವನ್ನು ಬಿಡುವರು. ಆ ತಡೆಯಲ್ಲಿಯೇ ಕಪಟವೂ ಹಾಸ್ಯವೂ ಕೂಡಿಕೊಂಡು, ಮನೆಹಾಳು ಮಾಡುವ ಪಾತ್ರವೂ ನಮಗೆ ಬೇಕಾದವನಂತೆ ತೋರುವುದು. ಎದುರಿನವರ ಬಾಯಿ ನಿಂತಿತೆಂಬುದನ್ನು ಕಣ್ಣಿನಿಂದ ಖಚಿತಪಡಿಸಿಕೊಳ್ಳಲು ಬೇಕಾದ ಕ್ಷಣವೇ ಹೀಗೆ ಅಭಿನಯವಾಗಿ ಪರಿಣಮಿಸಿತೆಂದು ನನ್ನ ಊಹೆ. ಊನವು ಅಲಂಕಾರವಾಯಿತು ಎಂದು ಬರೆಯಲು ಕೈ ಹೋಗುತ್ತದೆ. ಆದರೆ ಅದರ ಹಿಂದಿನ ದುಡಿಮೆಯನ್ನು ನೆನೆದರೆ ಅಷ್ಟು ಹಗುರವಾಗಿ ಬರೆಯಲಾರೆನು.

ನಮ್ಮ ಕೊಡಗಿನಲ್ಲಿ ಮಳೆಗಾಲದಲ್ಲಿ ಡೇರೆಯ ಚಿತ್ರಮಂದಿರ ನಿಲ್ಲದು. ಹುತ್ತರಿ ಕಳೆದು ಕಾಫಿಯ ಕೊಯ್ಲು ಮುಗಿಯುವ ಹೊತ್ತಿಗೆ ಡೇರೆಯು ಬರುತ್ತಿತ್ತು. 1972ರಲ್ಲಿ ತೆರೆಕಂಡ ‘ಬಂಗಾರದ ಮನುಷ್ಯ’ವನ್ನು ನಾನು ಮೂರು ವರುಷ ತಡವಾಗಿ, ಹತ್ತು ವಯಸ್ಸಿನವನಾಗಿದ್ದಾಗ, ಮಣ್ಣಿನ ನೆಲದ ಮೇಲೆ ಕಂಬಳಿ ಹೊದೆದು ನೋಡಿದೆನು. ಎಲ್ಲರೂ ರಾಜಕುಮಾರರನ್ನು ನೋಡುತ್ತಿದ್ದರು. ನನ್ನ ಮನಸ್ಸು ಹತ್ತಿದುದು ರಾಜೀವನ ಬೆನ್ನಿಗೆ ನಿಲ್ಲುವ ರಾಚೂಟಪ್ಪನಲ್ಲಿ. ಕೇಡಿಗನ ಪಾತ್ರಗಳಲ್ಲಿ ಕಂಡ ಮುಖವೇ ಇಷ್ಟು ಮಮತೆಯನ್ನು ತಾಳಬಲ್ಲುದೇ ಎಂದು ಬೆರಗಾದೆನು. ಅವರಿಗೆ ಕಿವಿ ಕೇಳದೆಂಬುದು ಅಂದು ಗೊತ್ತಿರಲಿಲ್ಲ.

ಗೊತ್ತಿದ್ದಿದ್ದರೆ, ಮುಂದೆ ಉಪಾಧ್ಯಾಯನಾದ ಮೇಲೆ ನಾನೊಂದು ತಪ್ಪು ಮಾಡುತ್ತಿರಲಿಲ್ಲವೇನೋ. ಮೂರನೆಯ ಬೆಂಚಿನ ಹುಡುಗನೊಬ್ಬನು ಪುಸ್ತಕವನ್ನು ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದನು. ಉದ್ಧಟನೆಂದು ತಿಳಿದು ಅನೇಕ ಸಲ ಗದರಿದೆನು. ಅವನ ತಾಯಿಯು ಬಂದು, “ಮಗುವಿಗೆ ಸರಿಯಾಗಿ ಕೇಳುವುದಿಲ್ಲ, ಮೇಷ್ಟ್ರೇ, ನಿಮ್ಮ ಬಾಯಿ ನೋಡಿ ಕಲಿಯುತ್ತಾನೆ,” ಎಂದಾಗ ನನಗೆ ತಲೆಯೆತ್ತಲಾಗಲಿಲ್ಲ. ಮುಂದೆ ಶಾಲಾ ವಾರ್ಷಿಕೋತ್ಸವದ ‘ಶಾಕುಂತಲ’ದಲ್ಲಿ ಅವನಿಗೆ ವಿದೂಷಕನ ಪಾತ್ರ ಕೊಟ್ಟೆನು. ದುಷ್ಯಂತನ ಮಾತೂ ಸೇರಿ ಎಲ್ಲವನ್ನೂ ಅವನು ಕಲಿತಿದ್ದನು. ಆದರೂ ಒಂದೆಡೆ ಸುಮ್ಮನೆ ನಿಂತುಬಿಟ್ಟನು. ದುಷ್ಯಂತನು ಬೆನ್ನು ತಿರುಗಿಸಿ ಮಾತಾಡುವಂತೆ ಹೇಳಿಕೊಟ್ಟವನು ನಾನೇ! ಬಾಲಕೃಷ್ಣರೊಡನೆ ನಟಿಸಿದವರು ಎಷ್ಟು ಎಚ್ಚರದಿಂದ ಅವರತ್ತ ಮುಖವಿಟ್ಟು ನುಡಿದಿರಬೇಕೆಂಬುದು ಆ ರಾತ್ರಿ ಅರಿವಿಗೆ ಬಂದಿತು.

ಅಂತಹ ಸ್ನೇಹ ಅವರಿಗೆ ಇದ್ದೇ ಇತ್ತು. ಕನ್ನಡ ಚಿತ್ರೋದ್ಯಮವು ಸೊರಗಿದ್ದ ಕಾಲದಲ್ಲಿ ರಾಜಕುಮಾರ್, ನರಸಿಂಹರಾಜು, ಜಿ. ವಿ. ಅಯ್ಯರ್ ಇವರೊಡನೆ ಬಾಲಕೃಷ್ಣರೂ ಸೇರಿ, ಮತ್ತೆ ಬಣ್ಣ ಹಚ್ಚಿ, ಊರೂರಿಗೆ ಹೋಗಿ ನಾಟಕಗಳನ್ನಾಡಿದರು. ಕಲಾವಿದರ ಸಂಘವನ್ನು ಕಟ್ಟಿ 1960ರಲ್ಲಿ ‘ರಣಧೀರ ಕಂಠೀರವ’ವನ್ನು ತಾವೇ ತಯಾರಿಸಿದರು. ಚಿತ್ರಕ್ಕೆ ನಟರನ್ನು ಕೊಟ್ಟ ರಂಗಭೂಮಿಯು ಸಂಕಟದಲ್ಲಿ ಅವರಿಗೆ ಅನ್ನವನ್ನೂ ಕೊಟ್ಟಿತು.

ಕನ್ನಡದ ಚಿತ್ರಗಳು ಆಗ ಬಹುಮಟ್ಟಿಗೆ ಮದರಾಸಿನಲ್ಲಿ ತಯಾರಾಗುತ್ತಿದ್ದುವು. ನಮ್ಮ ಭಾಷೆಯ ಚಿತ್ರ ನಮ್ಮ ನೆಲದಲ್ಲಿಯೇ ಆಗಬೇಕೆಂದು ಆಡಿದವರು ಅನೇಕರು. ಪೋಷಕಪಾತ್ರಗಳ ಸಂಭಾವನೆಯಲ್ಲಿ ಬದುಕುತ್ತಿದ್ದ ಬಾಲಕೃಷ್ಣರು ಅದಕ್ಕೆ ಕೈಯನ್ನೇ ಹಾಕಿದರು. ಸರಕಾರದಿಂದ ಬೆಂಗಳೂರಿನ ಕೆಂಗೇರಿಯ ಬಳಿಯ ಮೈಲಸಂದ್ರದಲ್ಲಿ 20 ಎಕರೆ ನೆಲವನ್ನು ಪಡೆದು ‘ಅಭಿಮಾನ್’ ಎಂಬ ಸ್ಟುಡಿಯೋ ಕಟ್ಟಿದರು. ಅದು ಅವರು ಬಯಸಿದಂತೆ ಏಳಿಗೆಗೆ ಬರಲಿಲ್ಲ. ಹಣವಂತರು ಮಾಡಬೇಕಾದ ಕೆಲಸವನ್ನು ನಟನೊಬ್ಬನು ಹೊತ್ತುಕೊಂಡುದು ಅವಿವೇಕವೆಂದು ಹೇಳುವವರುಂಟು. ಹಣವಂತರು ಮಾಡಿದ್ದರೆ ಆ ಮಾತನ್ನು ನಾನೂ ಒಪ್ಪುತ್ತಿದ್ದೆನು.

1995ರ ಜುಲೈ 19ರಂದು ಬಾಲಕೃಷ್ಣರು ತೀರಿಕೊಂಡರು. 2009ರ ಡಿಸೆಂಬರಿನಲ್ಲಿ ನಟ ವಿಷ್ಣುವರ್ಧನರ ಅಂತ್ಯಕ್ರಿಯೆಯು ಅದೇ ಅಂಗಳದಲ್ಲಿ ನಡೆಯಿತು. ಅಲ್ಲಿದ್ದ ಅವರ ಸಮಾಧಿಯನ್ನು 2025ರ ಆಗಸ್ಟಿನಲ್ಲಿ ಕೆಡವಿದಾಗ ನಾಡೆಲ್ಲ ನೊಂದಿತು. ನಾನು ಓದಿದ ವರದಿಗಳಲ್ಲಿ ಬಾಲಕೃಷ್ಣರ ಹೆಸರು ನೆಲದ ವಿಷಯವಾಗಿ ಬಂದಿತೇ ಹೊರತು ನಟನೆಯ ವಿಷಯವಾಗಿ ಬರಲಿಲ್ಲ.

ಅಂದು ಸಂಜೆ ಮನೆಯಲ್ಲಿ ‘ಬಂಗಾರದ ಮನುಷ್ಯ’ವನ್ನು ಹಾಕಿಸಿದೆನು. ರಾಚೂಟಪ್ಪನು ಬರುತ್ತಲೇ ಧ್ವನಿಯನ್ನು ಪೂರ್ತಿಯಾಗಿ ಇಳಿಸಿ, ಅವರ ಕಣ್ಣುಗಳನ್ನು ಮಾತ್ರ ನೋಡುತ್ತ ಕುಳಿತೆನು. ಅಡುಗೆಮನೆಯಿಂದ ಬಂದ ಮನೆಯಾಕೆಯು ಯಂತ್ರ ಕೆಟ್ಟಿತೆಂದು ತಿಳಿದು ಅದನ್ನು ಎರಡು ಸಲ ತಟ್ಟಿದಳು.