ಕಾಂತರಥದ ಕಂಪನವೂ ನರಜಾಲದ ಶಿಕ್ಷಣವೂ

ಹಾನಗಲ್ಲಿಗೆ ರೈಲುಹಾದಿಯಿಲ್ಲ, ರೈಲು ಹತ್ತಬೇಕಾದವರು ಹಾವೇರಿಗೆ ಹೋಗಬೇಕು. ಅಂತಹ ಸೀಮೆಯನ್ನು ನೆನೆಯುತ್ತ ಹಳಿಯನ್ನೇ ಮುಟ್ಟದೆ ಓಡುವ ರೈಲಿನ ವಿಚಾರವನ್ನೆತ್ತುವುದು ವಾಚಕರಿಗೆ ವಿಚಿತ್ರವೆನಿಸಬಹುದು. ಆದರೆ ಚಕ್ಕಡಿಯನ್ನೂ ತಂಬೂರಿಯನ್ನೂ ಬಲ್ಲವರಿಗೆ ಇದರ ತಿರುಳು ತೀರ ಅಪರಿಚಿತವಲ್ಲ.

ಮ್ಯಾಗ್ಲೆವ್ ಎಂದು ಪ್ರಸಿದ್ಧವಾದ ಈ ವಾಹನವನ್ನು ಇಲ್ಲಿ ಕಾಂತರಥವೆಂದು ಕರೆಯುವೆವು. ಜಪಾನಿನಲ್ಲಿ 2015ರಲ್ಲಿ ಗಂಟೆಗೆ 603 ಕಿಲೋಮೀಟರು ವೇಗವನ್ನು ಮುಟ್ಟಿದ ರಥವು ಅತಿವಾಹಕ ಕಾಂತಗಳನ್ನು ಆಶ್ರಯಿಸಿದ್ದು. ಅದರ ಮಾತು ಬೇರೆ. ಶಾಂಘಾಯಿ ನಗರದಲ್ಲಿ ಓಡುವ ಬಗೆಯ ರಥದಲ್ಲಿ ಹಾದಿಯ ಅಂಚಿನ ಕೆಳಗೆ ಬಾಗಿ ಬಂದಿರುವ ವಿದ್ಯುತ್ಕಾಂತಗಳು ಮೇಲಿನ ಉಕ್ಕನ್ನು ಸೆಳೆಯುವುವು. ಆ ಸೆಳೆತದಿಂದಲೇ ರಥವು ಮೇಲೇಳುವುದು. ನಡುವಣ ಅಂತರವು ಸುಮಾರು 10 ಮಿಲಿಮೀಟರು ಮಾತ್ರ. ಬಲವು ಅಂತರದ ವರ್ಗಕ್ಕೆ ವಿಲೋಮವಾಗಿರುವುದರಿಂದ, ಪ್ರವಾಹವು ಬದಲಾಗದೆ ಅಂತರವು 8 ಮಿಲಿಮೀಟರಿಗೆ ಇಳಿದರೆ ಸೆಳೆತವು ಒಂದೂವರೆ ಪಟ್ಟಿಗೂ ಮಿಗಿಲಾಗುವುದು. ಸೆಳೆತ ಹೆಚ್ಚಿದಷ್ಟೂ ಅಂತರ ಕುಗ್ಗುವುದು. ಕುಗ್ಗಿದಷ್ಟೂ ಸೆಳೆತ ಮತ್ತಷ್ಟು ಹೆಚ್ಚುವುದು. ಆದುದರಿಂದ ಅಂತರವನ್ನು ಎಡೆಬಿಡದೆ ಅಳೆದು, ಪ್ರವಾಹವನ್ನು ಕ್ಷಣಕ್ಷಣಕ್ಕೂ ತಿದ್ದತಕ್ಕ ನಿಯಂತ್ರಕವೊಂದಿಲ್ಲದಿದ್ದರೆ ರಥವು ಹಾದಿಗೆ ಅಂಟಿಕೊಳ್ಳುವುದು, ಇಲ್ಲವೆ ಕೆಳಕ್ಕೆ ಬೀಳುವುದು.

ತೊಡಕು ಇಷ್ಟಕ್ಕೇ ಮುಗಿಯದು. ರಥವು ಓಡುವ ತೊಲೆಗಳು ಬಂಡೆಯಂತೆ ಅಚಲವಲ್ಲ. ಅವೂ ಬಾಗಿ ನಡುಗುವುವು. ತೊಲೆಯೊಂದು 25 ಮೀಟರು ಉದ್ದವೆಂದಿಟ್ಟುಕೊಂಡರೆ, ಗಂಟೆಗೆ 600 ಕಿಲೋಮೀಟರು ವೇಗದ ರಥವು ಅದನ್ನು 0.15 ಸೆಕೆಂಡಿನಲ್ಲಿ ದಾಟುವುದು. ಅಂದರೆ ರಥಕ್ಕೆ ಸೆಕೆಂಡಿಗೆ ಸುಮಾರು ಏಳು ತಳ್ಳು. ಒಂದೇ ಶ್ರುತಿಗೆ ಕೂಡಿಸಿದ ಎರಡು ತಂತಿಗಳಲ್ಲಿ ಒಂದನ್ನು ಮೀಟಿದರೆ ಮತ್ತೊಂದು ತಾನಾಗಿ ಮಿಡಿಯುವುದನ್ನು, ಗಂಗೂಬಾಯಿ ಹಾನಗಲ್ಲರಂತಹ ಗಾಯಕರನ್ನು ಕೇಳಿ ಬೆಳೆದ ನಾಡಿಗೆ ವಿವರಿಸಬೇಕಾಗಿಲ್ಲ. ಸಂಗೀತದಲ್ಲಿ ಸೊಗಸೆನಿಸುವ ಈ ಅನುರಣನವೇ ಇಲ್ಲಿ ಅಪಾಯಕಾರಿ. ಇನ್ನೂ ಸೋಜಿಗವೆಂದರೆ, ತೆಳು ತೊಲೆಯ ಮೇಲೆ ನಿಂತಿರುವ ರಥವೂ, ನಿಯಂತ್ರಕದ ತಿದ್ದುಪಡಿಯು ಕೊಂಚ ತಡವಾದರೆ, ತೊಲೆಯೊಡನೆ ಸೇರಿ ತಾನೇ ನಡುಗತೊಡಗುವುದುಂಟು.

ಇಂತಹ ಕಂಪನಕ್ಕೆ ಸಮೀಕರಣವನ್ನು ಬರೆಯಬಹುದು; ಆದರೆ ಪ್ರಯಾಣಿಕರ ಭಾರ, ತೊಲೆಯ ಓರೆಕೋರೆ, ಗಾಳಿಯ ಹೊಡೆತ ಇವು ದಿನಕ್ಕೊಂದು ಬಗೆ. ನರಜಾಲದ ಪ್ರವೇಶವು ಇಲ್ಲಿಯೇ. ಹೆಸರಿನಿಂದ ಮೋಸಹೋಗಬಾರದು: ಅದರಲ್ಲಿ ನರವೂ ಇಲ್ಲ, ಜೀವವೂ ಇಲ್ಲ; ಗುಣಿಸಿ ಕೂಡಿಸುವ ಅಂಕಗಣಿತವಷ್ಟೆ. ಆಲಂಕಾರಿಕರು ಇದನ್ನು ರೂಪಕವೆಂದು ಬಿಟ್ಟುಬಿಡುವರು. ಹೊಸಬನು ಚಕ್ಕಡಿ ಹೊಡೆಯಲು ಕಲಿಯುವಾಗ ಜಾಡಿನ ಪ್ರತಿಯೊಂದು ತಗ್ಗಿನ ಆಳವನ್ನು ಅಳೆಯುವುದಿಲ್ಲ. ಗಾಲಿ ಕುಲುಕಿದ ಮೇಲೆ ಹಗ್ಗವನ್ನು ಎಷ್ಟು ಬಿಗಿಯಬೇಕಾಗಿತ್ತೆಂದು ತಿಳಿದು, ಮುಂದಿನ ಬಾರಿ ಹಾಗೆ ಮಾಡುವನು. ಜಾಲವೂ ನಿರೀಕ್ಷಿತ ಅಂತರಕ್ಕೂ ಕಂಡ ಅಂತರಕ್ಕೂ ಇರುವ ವ್ಯತ್ಯಾಸವನ್ನು ನೋಡಿ ತನ್ನೊಳಗಿನ ಗುಣಕಗಳನ್ನು ತಿದ್ದಿಕೊಳ್ಳುತ್ತ, ಸಮೀಕರಣಕ್ಕೆ ಸಿಕ್ಕದ ಬಲವನ್ನು ಅಂದಾಜುಮಾಡುವುದು.

ಇಂತಹ ಜಾಲಗಳಿಂದ ಚಲಿಸುವ ವ್ಯವಸ್ಥೆಗಳನ್ನು ಅರಿತು ಆಳುವ ಕ್ರಮವನ್ನು ನರೇಂದ್ರ, ಪಾರ್ಥಸಾರಥಿ ಎಂಬಿಬ್ಬರು 1990ರ ಲೇಖನವೊಂದರಲ್ಲಿ ವಿಶದಪಡಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಎಸ್. ಶಾಸ್ತ್ರಿಗಳು ಸಹೋದ್ಯೋಗಿಗಳೊಡನೆ 1994ರಲ್ಲಿ ಪ್ರಕಟಿಸಿದ ಸ್ಮೃತಿಯುಕ್ತ ನರಜಾಲದ ಲೇಖನವು ನಮ್ಮ ಪ್ರಸ್ತಾಪಕ್ಕೆ ಇನ್ನೂ ಹತ್ತಿರ. ಅದು ರೈಲನ್ನು ಕುರಿತುದಲ್ಲ. ಹಿಂದಿನ ಸ್ಥಿತಿಗಳನ್ನು ಹೊರಗಿನಿಂದ ಉಣಿಸದೆಯೇ ಜಾಲವು ತನ್ನೊಳಗೇ ಅವುಗಳ ನೆನಪನ್ನು ಇಟ್ಟುಕೊಳ್ಳುವಂತೆ ಮಾಡಿದುದು ಅದರ ವಿಶೇಷ. ಕಂಪನವೆಂಬುದು ಹಿಂದಣದರ ಫಲವಾದುದರಿಂದ ನೆನಪಿಲ್ಲದ ಜಾಲಕ್ಕೆ ಅದು ಸುಲಭವಾಗಿ ವಶವಾಗದು.

ಹಾಗಾದರೆ ಜನರ ಪ್ರಾಣವನ್ನು ಇದಕ್ಕೆ ಒಪ್ಪಿಸಬಹುದೆ? ಜಾಲವು ತಾನು ಹೀಗೇಕೆ ಮಾಡಿದೆನೆಂದು ಹೇಳಲಾರದು. ಕಾಣದ ಜಾಡಿನಲ್ಲಿ ಏನು ಮಾಡುವುದೋ ಅನುಭವಕ್ಕೆ ಬಾರದೆ ತಿಳಿಯದು. ಪ್ರಯೋಗಶಾಲೆಯ ಯಶಸ್ಸನ್ನೇ ಪ್ರಮಾಣವೆನ್ನುವವರ ಉತ್ಸಾಹವನ್ನು ನಾವು ಒಪ್ಪಲಾರೆವು. ರಷ್ಯದ ಲ್ಯಾಪುನೋವನು 1892ರಲ್ಲಿ ಮಂಡಿಸಿದ ಸ್ಥಿರತಾಪರೀಕ್ಷೆಯು ಇಂದಿಗೂ ಇಲ್ಲಿ ನಿಕಷ: ಜಾಲದ ತಪ್ಪು ಒಂದು ಮೇರೆಯನ್ನು ಮೀರದೆಂದು ತೋರಿಸಬಲ್ಲವನು, ಆ ಮೇರೆಯೊಳಗೆ ಕಂಪನವೂ ಬೆಳೆಯಲಾರದೆಂದು ಸಾಧಿಸಬಹುದು. ಆದಕಾರಣ ವಿವೇಕಿಗಳಾದ ಶಿಲ್ಪಿಗಳು ಹಳೆಯ ಗಣಿತಬದ್ಧ ನಿಯಂತ್ರಕವನ್ನು ಕಿತ್ತುಹಾಕದೆ, ಅದರ ಪ್ರವಾಹಕ್ಕೆ ನಿಯತವಾದ ಸಣ್ಣ ಅಂಶವನ್ನು ಮಾತ್ರ ಕೂಡಿಸಲು ಅಥವಾ ಕಳೆಯಲು ಜಾಲಕ್ಕೆ ಅಧಿಕಾರ ಕೊಡುವರು.