ಕೀಬೋರ್ಡ್ ಮುಟ್ಟದಂಗ ಕೋಡಿಂಗ್

[ಪರದೆ: ಖಾಲಿ ಪುಟ, ಮಿನುಗುವ ಕರ್ಸರ್]
ಬೆರಳು ಆಡಿಸದಂಗ ಪ್ರೋಗ್ರಾಮ್ ಬರೀಬಹುದೇನ್ರಿ? ಬರೀಬಹುದು, ಬಾಯಿ ಮಾತಿನಿಂದನ!

ಸೆರೆಬ್ರಲ್ ಪಾಲ್ಸಿ, ಬೆನ್ನುಹುರಿ ಪೆಟ್ಟು, ಇಂಥಾ ಕಾರಣಕ್ಕ ಕೈ ಆಡದವರಿಗೆ ಮಾಮೂಲಿ ವಾಯ್ಸ್ ಟೈಪಿಂಗ್ ಸಾಲಂಗಿಲ್ಲ. ಕೋಡ್‌ನ್ಯಾಗ ಒಂದು ಬ್ರಾಕೆಟ್ ತಪ್ಪಿದ್ರೂ ಕೆಲಸ ನಿಂತ್ಹೋಗ್ತದ.

[ಪರದೆ: ಬಿ–ಬ್ಯಾಟ್, ಡಿ–ಡ್ರಮ್, ಪಿ–ಪಿಟ್]
ಅದಕ್ಕ ‘ಟಾಲನ್’ ಅನ್ನೋ ಪುಕ್ಕಟೆ ಸಾಫ್ಟ್‌ವೇರ್ ಐತಿ. ಬಿ, ಡಿ, ಪಿ ಕಿವಿಗೆ ಒಂದ ಥರ ಕೇಳಸ್ತಾವಲ್ರಿ? ಟಾಲನ್ ಬಳಸೋರು ಅಕ್ಷರಕ್ಕೊಂದು ಸಣ್ಣ ಪದ ಹೇಳ್ತಾರ. ‘ಬ್ಯಾಟ್’ ಅಂದ್ರ ಬಿ, ‘ಡ್ರಮ್’ ಅಂದ್ರ ಡಿ. ಗೊಂದಲ ಕಡಿಮಿ.

ಮಕ್ಕಳಿಗೆ? ಅಮೆರಿಕದ ಅಲಬಾಮಾ ವಿಶ್ವವಿದ್ಯಾಲಯದಾಗ ‘ಮೈನಾ’ ಅನ್ನೋ ಸಾಧನ ಮಾಡಿದ್ರು. ಮಕ್ಕಳು ಕೋಡಿಂಗ್ ಕಲಿಯೋ ‘ಸ್ಕ್ರ್ಯಾಚ್’ನ ಬ್ಲಾಕ್‌ಗಳನ್ನ ಮೌಸ್‌ನಿಂದ ಎಳೆಯೋ ಬದಲು, ಮಾತಿನಿಂದ ಜೋಡಿಸೋದು.

[ಪರದೆ: ವಿಜಯಪುರ ಜಿಲ್ಲಾ ನಕಾಶೆ]
ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಮಂದಿ ಎಲ್ಲಿಂದ ಶುರು ಮಾಡಬೇಕು? ವಿಂಡೋಸ್ 11 ಲ್ಯಾಪ್‌ಟಾಪ್ ಇದ್ರ, ಮಾತಿನಿಂದ ಕಂಪ್ಯೂಟರ್ ನಡೆಸೋ ‘ವಾಯ್ಸ್ ಆಕ್ಸೆಸ್’ ಅದರಾಗ ಬಂದಿರ್ತದ. ಒಮ್ಮೆ ಭಾಷಾ ಫೈಲ್ ಇಳಿಸಿಕೊಂಡ್ರ ಇಂಟರ್ನೆಟ್ ಇಲ್ದನೂ ನಡೀತದ. ಆಜ್ಞೆ ಇಂಗ್ಲಿಷಿನ್ಯಾಗ ಹೇಳ್ಬೇಕು ಖರೆ, ಪಾಠ ಕನ್ನಡದಾಗ ಮಾಡ್ರಿ.

ಮೊದಲ ಪ್ರೋಗ್ರಾಮ್ ಲಿಂಬೆ ಲೆಕ್ಕ ಇರ್ಲಿ: ಚೀಲ ಎಷ್ಟು, ದರ ಎಷ್ಟು, ಒಟ್ಟು ಎಷ್ಟು?

ನಿಮ್ಮೂರಾಗ ಕೈ ಆಡದ ಹುಡುಗ್ರು ಇದ್ರ, ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನ ಭೇಟಿ ಆಗ್ರಿ. ಈ ರೀಲ್ ಅವರಿಗೂ ಕಳಸ್ರಿ!