ಸೊಂಟ ನೋವಿಗೆ ಶಾಖವೋ, ತಂಪೋ?

ನಾಟಿ ಶುರುವಾಯಿತು ಅಂದರೆ ಕಲಿಕಾ ಕೇಂದ್ರದಲ್ಲಿ ಎಲ್ಲರದೂ ಒಂದೇ ಮಾತು. "ಟೀಚರಮ್ಮ, ಸೊಂಟ ಬಿದ್ದುಹೋಯ್ತು. ಕೂತರೆ ಏಳೋಕಾಗಲ್ಲ."

ನೋಯದೆ ಇರುತ್ತದೆಯೇ? ಬೆಳಿಗ್ಗೆಯಿಂದ ಸಂಜೆವರೆಗೆ ಬಗ್ಗಿ ಪೈರು ನೆಡಬೇಕು. ಮನೆಗೆ ಬಂದರೆ ನೀರು ಹೊರಬೇಕು. ಒಲೆ ಮುಂದೆ ಕೂರಬೇಕು. ಬೆನ್ನಿನ ಮಾಂಸಖಂಡಗಳು ದಣಿದು ಬಿಗಿದುಕೊಳ್ಳುತ್ತವೆ.

ಇಂಥ ನೋವಿಗೆ ಶಾಖ ಒಳ್ಳೆಯದು. ಶಾಖ ತಗಲಿದ ಕಡೆ ರಕ್ತ ಹೆಚ್ಚು ಹರಿಯುತ್ತದೆ. ಬಿಗಿದ ಮಾಂಸಖಂಡ ಸಡಿಲವಾಗುತ್ತದೆ. ನೋವು ತಗ್ಗುತ್ತದೆ.

ಇದಕ್ಕೆ ದುಡ್ಡು ಬೇಡ. ಎರಡು ಹಿಡಿ ಹರಳುಪ್ಪನ್ನು ಬಾಣಲೆಯಲ್ಲಿ ಬಿಸಿ ಮಾಡಿ. ದಪ್ಪ ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿ. ಉಪ್ಪಿನ ಬದಲು ಮರಳೂ ಆದೀತು. ನೈಲಾನ್ ಬಟ್ಟೆ ಬೇಡ, ಅದು ಬಿಸಿಗೆ ಕರಗಿ ಅಂಟುತ್ತದೆ. ಗಂಟನ್ನು ಮೊದಲು ಮುಂಗೈ ಒಳಭಾಗಕ್ಕೆ ಮುಟ್ಟಿಸಿ ನೋಡಿ. ಚುರ್ ಅಂದರೆ ಆರಲು ಬಿಡಿ. ಬೆಚ್ಚಗೆ ಹಿತ ಅನಿಸಿದರೆ ಸೊಂಟಕ್ಕೆ ಇಡಿ. 15ರಿಂದ 20 ನಿಮಿಷ ಸಾಕು. ದಿನಕ್ಕೆ ಎರಡು ಮೂರು ಸಲ ಹೀಗೆ ಮಾಡಿ.

ಬಿಸಿ ಹೆಚ್ಚಾದಷ್ಟೂ ಗುಣ ಹೆಚ್ಚು ಅಂತ ನಂಬಿದವರಿದ್ದಾರೆ. ಅದು ತಪ್ಪು. ನಮ್ಮ ಕೇಂದ್ರದ ಒಬ್ಬ ಅಕ್ಕ ಕಾದ ಇಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ, ಅದರ ಮೇಲೆ ಮಲಗಿದರು. ದಣಿವಿಗೆ ಹಾಗೇ ನಿದ್ದೆ ಬಂತು. ಎದ್ದು ನೋಡಿದರೆ ಬೆನ್ನ ಮೇಲೆ ಬೊಬ್ಬೆ. ಸೊಂಟ ನೋವು ನಾಲ್ಕು ದಿನಕ್ಕೆ ಹೋಯಿತು. ಸುಟ್ಟ ಗಾಯ ಮಾಯಲು ತಿಂಗಳು ಹಿಡಿಯಿತು. ಆ ಸಲದ ನಾಟಿ ಕೂಲಿ ಪೂರ್ತಿ ಹೋಯಿತು. ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಆ ಕಾಯಿಲೆ ಇದ್ದವರ ಚರ್ಮಕ್ಕೆ ಕೆಲವು ಸಲ ಬಿಸಿ ಸರಿಯಾಗಿ ತಿಳಿಯುವುದೇ ಇಲ್ಲ. ಅಂಥವರು ಮನೆಯ ಬೇರೊಬ್ಬರ ಕೈಗೆ ಮುಟ್ಟಿಸಿ ನೋಡಬೇಕು. ನೋವಿನ ಮುಲಾಮು ಹಚ್ಚಿದ ಜಾಗಕ್ಕೆ ಯಾರೂ ಶಾಖ ಕೊಡಬಾರದು. ಬಸುರಿಯರು ನರ್ಸಮ್ಮನನ್ನು ಕೇಳಿ ಮಾಡಲಿ.

ಹಾಗಾದರೆ ತಂಪು ಯಾವಾಗ? ಕೊಡ ಎತ್ತುವಾಗ ಸೊಂಟ ಛಳಕ್ ಅಂದಿತು. ಇಲ್ಲವೇ ಸೌದೆ ಹೊರೆ ಬೆನ್ನಿಗೆ ಬಡಿಯಿತು. ಇದು ಹೊಸ ಪೆಟ್ಟು. ಒಳಗೆ ಊತ ಬರುತ್ತಿರುತ್ತದೆ. ಆಗಲೇ ಶಾಖ ಕೊಟ್ಟರೆ ಊತ ಹೆಚ್ಚಬಹುದು. ಮೊದಲ ಒಂದೆರಡು ದಿನ ತಣ್ಣೀರು ಬಟ್ಟೆ ಹಾಕಿ. ಮಡಕೆ ನೀರಿನಲ್ಲಿ ಅದ್ದಿ, ಹಿಂಡಿ, ನೋವಿನ ಮೇಲೆ ಇಡಿ. ಬಟ್ಟೆ ಬೆಚ್ಚಗಾದರೆ ಮತ್ತೆ ಅದ್ದಿ. ಐಸು ಸಿಕ್ಕರೆ ಇನ್ನೂ ಒಳ್ಳೆಯದು. ಆದರೆ ಬಟ್ಟೆಯಲ್ಲಿ ಸುತ್ತಿಯೇ ಇಡಿ, ಅದೂ 10–15 ನಿಮಿಷ ಮಾತ್ರ. ಬರೀ ಐಸು ಕೂಡ ಚರ್ಮವನ್ನು ಬೆಂಕಿಯ ಹಾಗೆ ಸುಡುತ್ತದೆ. ತಂಪು ಹಿತ ಅನಿಸದಿದ್ದರೆ ಬಿಟ್ಟುಬಿಡಿ, ಹಠ ಬೇಡ. ಎರಡು ದಿನ ಕಳೆದ ಮೇಲೂ ಸೊಂಟ ಬಿಗಿದೇ ಇದ್ದರೆ ಆಗ ಶಾಖ ಕೊಡಿ.

ನೋವು ಅಂತ ದಿನಗಟ್ಟಲೆ ಮಲಗಿಯೇ ಇರಬಾರದು. ಬೆನ್ನು ಇನ್ನೂ ಬಿಗಿಯುತ್ತದೆ. "ಮಲಗೋಕೆ ಯಾರು ಬಿಡ್ತಾರೆ?" ಅಂತ ನೀವು ನಗುತ್ತೀರಿ, ನನಗೆ ಗೊತ್ತು. ಶಾಖ ತೆಗೆದ ಮೇಲೆ ಮೆಲ್ಲಗೆ ನಡೆದಾಡಿ. ಭಾರ ಮಾತ್ರ ಎತ್ತಬೇಡಿ.

ಎಲ್ಲ ಸೊಂಟ ನೋವೂ ದುಡಿಮೆಯ ನೋವಲ್ಲ. ಜೊತೆಗೆ ಜ್ವರ ಇದ್ದರೆ, ಉರಿಮೂತ್ರ ಇದ್ದರೆ, ವಾಸನೆಯ ಬಿಳಿಮುಟ್ಟು ಹೋಗುತ್ತಿದ್ದರೆ ಉಪ್ಪಿನ ಗಂಟು ಏನೂ ಮಾಡದು. ಆಶಾ ಕಾರ್ಯಕರ್ತೆಗೆ ಹೇಳಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ನಾಚಿಕೆ ಬೇಡ. ಬಿದ್ದು ಜೋರು ನೋವು ಬಂದರೂ ಡಾಕ್ಟರರಿಗೆ ತೋರಿಸಿ. ಕಾಲು ಸೋತರೆ, ತೊಡೆಯ ಸಂದು ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಇಲ್ಲವೇ ತಾನಾಗಿ ಹೋದರೆ, ಅದೇ ದಿನ ದೊಡ್ಡಾಸ್ಪತ್ರೆಗೆ ಹೋಗಬೇಕು. ನಾಟಿ ಮುಗಿಯಲಿ ಅಂತ ಕಾಯಬೇಡಿ.